ಗುಂಡಿನ ಗುರಿ ಅದರ ಬುಡದಲ್ಲಿದೆ

ಹಾರಿಸಿದ ಗುಂಡು ಗುರಿ ತಪ್ಪಿದರೆ ನಾವು ಮೊದಲು ದೂರುವುದು ಹಾರಿಸಿದವನ ಕೈಯನ್ನು. ಅನಂತರ ಗುಂಡಿನ ಮೂತಿಯನ್ನು. ಮೂತಿ ಚೂಪಾಗಿ, ನಯವಾಗಿ, ಎಲ್ಲಿಯೂ ಜಜ್ಜದೆ ಇದ್ದರೆ ಗುಂಡು ನೇರವಾಗಿ ಹೋಗುವುದೆಂಬುದು ಸಾಮಾನ್ಯರ ಎಣಿಕೆ. ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದ ಫ್ರಾಂಕ್ಲಿನ್ ಮ್ಯಾನ್ ಎಂಬಾತನು ಈ ಎಣಿಕೆಯನ್ನು ಪರೀಕ್ಷೆಗೆ ಒಡ್ಡಿದನು. ಈತ ಓದಿದ್ದು ವೈದ್ಯಶಾಸ್ತ್ರ. ಹಣ ಗಳಿಸಿದ್ದು ಕೋಳಿಗಳ ಮೇವಿಗೆಂದು ಎಲುಬು ಕತ್ತರಿಸುವ ಯಂತ್ರ ಮಾಡಿ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದು ಮಾತ್ರ ಗುಂಡಿನ ಹಾರಾಟದ ವಿಷಯದಲ್ಲಿ. ನಳಿಗೆಯನ್ನು ಕಾಂಕ್ರೀಟಿನ ಭಾರಿ ಕಟ್ಟೆಯ ಮೇಲೆ ಕೂರಿಸಿ, ಕೈನಡುಕದ ಮಾತೇ ಬಾರದಂತೆ ಮಾಡಿ, ಬೇಕೆಂದೇ ವಿಕಾರಗೊಳಿಸಿದ ಗುಂಡುಗಳನ್ನು ಹಾರಿಸಿ ನೋಡಿದನು. ಮೂತಿ ಕೆಡಿಸಿದ ಗುಂಡುಗಳು ಬಹುಮಟ್ಟಿಗೆ ಗುರಿಯ ಬಳಿಯೇ ಬಿದ್ದವು. ಬುಡದ ಅಂಚು ಕೆಡಿಸಿದವು ದಿಕ್ಕೆಟ್ಟು ಚದುರಿದವು. ಈ ಪ್ರಯೋಗಗಳ ವಿವರವನ್ನು ಆತ 1909ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

ಕಾರಣ ತಿಳಿಯುವುದು ಕಷ್ಟವಲ್ಲ. ಗುಂಡು ನಳಿಗೆಯ ಬಾಯಿಯನ್ನು ಬಿಡುವ ಕ್ಷಣದಲ್ಲಿ ಅದರ ಮೂತಿ ಆಗಲೇ ಹೊರಗಿರುತ್ತದೆ. ಕೊನೆಯದಾಗಿ ನಳಿಗೆಯನ್ನು ಬಿಡುವ ಭಾಗ ಬುಡ. ಬುಡದ ಅಂಚು ಒಂದು ಕಡೆ ಮುಕ್ಕಾಗಿದ್ದರೆ, ಹಿಂದಿನಿಂದ ಒತ್ತುತ್ತಿರುವ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿಗೆ ಓರೆಯಾದ ತಳ್ಳು ಕೊಡುತ್ತದೆ. ಆ ಓರೆ ಎಷ್ಟೇ ಅಲ್ಪವಾಗಿರಲಿ, ದೂರ ಹೋದಂತೆ ಬೆಳೆಯುತ್ತದೆ.

ಗುಂಡು ತಿರುಗುತ್ತಾ ಹಾರುವುದರಿಂದ ಇನ್ನೊಂದು ತೊಡಕೂ ಉಂಟು. ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಹಾಗೆ ತಿರುಗುವುದರಿಂದಲೇ ಅದು ಗಾಳಿಯಲ್ಲಿ ಪಲ್ಟಿ ಹೊಡೆಯದೆ ಮೂತಿಯನ್ನು ಮುಂದಿಟ್ಟು ಸಾಗುತ್ತದೆ. ಇಂಥ ನಳಿಗೆಯ ಗುಣವನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಮೊದಲಿಗನಾದ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞನು ನಮ್ಮ ದಕ್ಷಿಣ ದೇಶದಲ್ಲಿಯೇ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ, 1751ರಲ್ಲಿ ತೀರಿಕೊಂಡನು. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಭದ್ರಪಡಿಸಲು ಬಂದಿದ್ದನು.

ತಿರುಗಿಸುವುದು ಒಳ್ಳೆಯದಾದರೆ ಹೆಚ್ಚು ತಿರುಗಿಸುವುದು ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಹಗುರವಾದ ಸೀಸದ ಗುಂಡನ್ನು ರಚಿಸುವವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದೇ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ.

ವಿಂಚೆಸ್ಟರ್ ಕಂಪೆನಿಯು 1873ರಲ್ಲಿ ಒಂದು ರೈಫಲನ್ನು ಹೊರತಂದಿತು. ಕೆಳಗಿನ ಸನ್ನೆಕೋಲನ್ನು ಒಮ್ಮೆ ಮುಂದಕ್ಕೂ ಹಿಂದಕ್ಕೂ ಆಡಿಸಿದರೆ ಖಾಲಿ ತೋಟಾ ಹೊರಬಿದ್ದು ಹೊಸತು ಒಳಸೇರುವುದು. ಅದರ ಪ್ರಸಿದ್ಧವಾದ ತೋಟಾದಲ್ಲಿ 200 ಗ್ರೇನ್, ಎಂದರೆ ಸುಮಾರು 13 ಗ್ರಾಂ ತೂಕದ ಗುಂಡು, ವ್ಯಾಸ 0.427 ಅಂಗುಲ. ಕೆಲವು ವರ್ಷಗಳಲ್ಲಿ ಕೋಲ್ಟ್ ಕಂಪೆನಿಯು ಅದೇ ತೋಟಾವನ್ನು ತನ್ನ ರಿವಾಲ್ವರಿಗೂ ಅಳವಡಿಸಿತು. ಸೊಂಟದ ಒಂದೇ ಪಟ್ಟಿಯ ತೋಟಾ ಎರಡಕ್ಕೂ ಒದಗುವಂತಾಯಿತು. ಆದರೆ ರೈಫಲಿನ ಗೀರು 36 ಅಂಗುಲದಲ್ಲಿ ಒಂದು ಸುತ್ತು ಹಾಕುತ್ತದೆ, ರಿವಾಲ್ವರಿನದು 16 ಅಂಗುಲದಲ್ಲಿಯೇ.

ಒಂದು ಗುಂಡಿಗೆ ಎಷ್ಟು ಸುತ್ತು ಬೇಕು? ಇಂಗ್ಲೆಂಡಿನ ವೂಲಿಚ್‌ನಲ್ಲಿ ಗಣಿತ ಬೋಧಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟನು. ಗುಂಡಿನ ಉದ್ದವನ್ನೂ ಒಂದು ಸುತ್ತಿಗೆ ಬೇಕಾದ ನಳಿಗೆಯ ಉದ್ದವನ್ನೂ ಗುಂಡಿನ ವ್ಯಾಸದಿಂದ ಅಳೆದು ಗುಣಿಸಿದರೆ 150 ಬರಬೇಕು. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಬೇಕು. ವಿಂಚೆಸ್ಟರಿನ ಸುತ್ತು 84 ವ್ಯಾಸದಷ್ಟು ಉದ್ದ; 150ನ್ನು 84ರಿಂದ ಭಾಗಿಸಿದರೆ ಸುಮಾರು 1.8. ಎಂದರೆ ಆ ನಳಿಗೆ ಸುಮಾರು 19 ಮಿಲಿಮೀಟರು ಉದ್ದದ ಗುಂಡನ್ನು ಹದ್ದುಬಸ್ತಿನಲ್ಲಿಡಬಲ್ಲದು. 13 ಗ್ರಾಂ ತೂಕದ ಗುಂಡಿನ ಉದ್ದ ಸುಮಾರು ಒಂದೂವರೆ ಸೆಂಟಿಮೀಟರು, ಚಿಂತೆಯಿಲ್ಲ. ಅದೇ ವ್ಯಾಸದಲ್ಲಿ 20 ಗ್ರಾಂ ತೂಕದ ಗುಂಡು ಎರಡು ಸೆಂಟಿಮೀಟರು ಮೀರುತ್ತದೆ. ಅದು ತತ್ತರಿಸಿ ಹಾರುವ ಸಂಭವವುಂಟು. ಕೋಲ್ಟ್ ರಿವಾಲ್ವರಿನ ಸುರುಳಿಯಾದರೋ ನಾಲ್ಕು ವ್ಯಾಸದಷ್ಟು ಉದ್ದದ ಗುಂಡಿಗೂ ಸಾಕಾಗುವಷ್ಟು ಬಿಗಿ. ಗಿಡ್ಡ ಗುಂಡಿಗೆ ಅದು ಅನಾವಶ್ಯಕ.

ಅನಾವಶ್ಯಕವಾದರೆ ನಷ್ಟವೇನು? ಎರಕದಲ್ಲಿ ಗುಂಡಿನೊಳಗೆ 2 ಮಿಲಿಮೀಟರು ವ್ಯಾಸದ ಗುಳ್ಳೆಯೊಂದು, ಅಕ್ಷದಿಂದ 4 ಮಿಲಿಮೀಟರು ಪಕ್ಕದಲ್ಲಿ, ಉಳಿದುಕೊಂಡಿತೆಂದು ತಿಳಿಯೋಣ. ಗುಂಡಿನ ಗುರುತ್ವಕೇಂದ್ರವು ಅಕ್ಷದಿಂದ ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲಿನಷ್ಟು ಸರಿಯುತ್ತದೆ. ನಳಿಗೆಯೊಳಗೆ ಗುಂಡು ಗೋಡೆಗಳ ಬಿಗಿಯಲ್ಲಿ ತನ್ನ ಆಕಾರದ ಅಕ್ಷದ ಸುತ್ತ ತಿರುಗುತ್ತದೆ. ಗುರುತ್ವಕೇಂದ್ರ ಆ ಅಕ್ಷವನ್ನು ಪುಟ್ಟ ಸುರುಳಿಯಾಗಿ ಸುತ್ತುತ್ತದೆ. ಹೊರಬಂದೊಡನೆ ಬಿಗಿ ತಪ್ಪಿ, ಕವಣೆಯ ಕಲ್ಲಿನಂತೆ ಸ್ಪರ್ಶರೇಖೆಯ ದಿಕ್ಕಿಗೆ ಸಿಡಿಯುತ್ತದೆ. ಸೆಕೆಂಡಿಗೆ 400 ಮೀಟರು ವೇಗದಲ್ಲಿ ವಿಂಚೆಸ್ಟರಿನ ಗುಂಡು ಸೆಕೆಂಡಿಗೆ ಸುಮಾರು 437 ಸುತ್ತು ತಿರುಗುವುದು. ಪಕ್ಕದ ವೇಗ ಸೆಕೆಂಡಿಗೆ ಸುಮಾರು 4 ಸೆಂಟಿಮೀಟರು. ನೂರು ಮೀಟರು ಕ್ರಮಿಸುವಷ್ಟರಲ್ಲಿ ಗುಂಡು 11 ಮಿಲಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಅದೇ ವೇಗ, ಅದೇ ಗುಳ್ಳೆ, ಆದರೆ 16 ಅಂಗುಲದ ಸುರುಳಿ ಎಂದಿಟ್ಟುಕೊಂಡರೆ ಇದು 25 ಮಿಲಿಮೀಟರು! ಸುರುಳಿಯು ಗುಂಡಿನ ದೋಷವನ್ನು ಸೃಷ್ಟಿಸುವುದಿಲ್ಲ, ಆದರೆ ದೊಡ್ಡದು ಮಾಡಿ ತೋರಿಸುತ್ತದೆ. ಹಗುರವಾದ ಗಿಡ್ಡ ಗುಂಡು ಕಡಿಮೆ ಸುತ್ತಿನಲ್ಲಿ ತೃಪ್ತವಾಗುವುದರಿಂದ ಮನೆಯ ಎರಕದ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳಬಲ್ಲದು. ಹಿಂದೊದೆತ ಕಡಿಮೆ, ಸೀಸ ಉಳಿತಾಯ ಎಂಬ ಲಾಭಗಳು ಇದರ ಮೇಲಿನವು.

ಹಾಗಾದರೆ ತೂಕವನ್ನು ಎಲ್ಲಿ ತಗ್ಗಿಸಬೇಕು? ಇಲ್ಲಿ ರಿವಾಲ್ವರಿಗೂ ರೈಫಲಿಗೂ ಜಗಳ. ರಿವಾಲ್ವರಿನಲ್ಲಿ ಗುಂಡು ತಿರುಗುವ ಉರುಳೆಯ ಕೋಣೆಯಿಂದ ಹೊರಟು, ಸಣ್ಣದೊಂದು ಸಂದನ್ನು ದಾಟಿ, ನಳಿಗೆಯ ಆಲಿಕೆಯಂಥ ಬಾಯಿಯನ್ನು ಹೊಗಬೇಕು. ಗೋಡೆಗೆ ತಾಗಿ ನಿಲ್ಲುವ ಮೈ ತೀರ ಮೊಟಕಾದರೆ ಗುಂಡು ಓರೆಯಾಗಿ ಸಿಕ್ಕಿಕೊಂಡು ಹಾಗೆಯೇ ಕೆತ್ತಿಸಿಕೊಳ್ಳುತ್ತದೆ. ಆದುದರಿಂದ ರಿವಾಲ್ವರು ಕೇಳುವುದು ಮೈಯನ್ನು. ಸನ್ನೆಕೋಲಿನ ರೈಫಲು ಕೇಳುವುದು ಒಟ್ಟು ಉದ್ದವನ್ನು: ತೋಟಾ ನಿಗದಿಗಿಂತ ಗಿಡ್ಡವಾದರೆ, ಅದನ್ನು ಮೇಲೆತ್ತುವ ದಿಮ್ಮಿಯೊಳಕ್ಕೆ ಹಿಂದಿನ ತೋಟಾದ ತುದಿಯೂ ನುಸುಳಿ ಯಂತ್ರ ಸಿಕ್ಕಿಬೀಳುವುದುಂಟು. ಮೂತಿಯನ್ನು ಚೂಪು ಮಾಡಿ ಉದ್ದ ಗಳಿಸೋಣವೆಂದರೆ ಅದು ಇನ್ನೂ ಅಪಾಯಕರ. ಈ ರೈಫಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಒಂದರ ಮೂತಿ ಮುಂದಿನದರ ಬುಡದಲ್ಲಿರುವ ಕಿಡಿಮದ್ದಿಗೆ ಒತ್ತಿಕೊಂಡಿರುತ್ತದೆ. ಗಟ್ಟಿಯಾದ ಚೂಪು ಮೂತಿಯೊಂದು ಒದೆತದ ರಭಸದಲ್ಲಿ ಅದಕ್ಕೆ ನಾಟಿದರೆ ಕೊಳವೆಯಲ್ಲಿಯೇ, ಹಾರಿಸುವವನ ಎಡಗೈಯ ಬಳಿಯಲ್ಲಿಯೇ, ಸ್ಫೋಟವಾದೀತು.

ಇಬ್ಬರನ್ನೂ ಒಪ್ಪಿಸುವ ಆಕಾರ ತುದಿ ಕತ್ತರಿಸಿದ ಶಂಕು. ಮೇಲ್ತುದಿಯ ವ್ಯಾಸ ಬುಡದ ವ್ಯಾಸದ 0.6ರಷ್ಟಿದ್ದರೆ, ಇಂಥ ಶಂಕುವಿನ ಗಾತ್ರ ಅಷ್ಟೇ ಎತ್ತರದ ಸಿಲಿಂಡರಿನ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಉದ್ದ ಸಿಕ್ಕಿತು, ಲೋಹ ಉಳಿಯಿತು, ತುದಿ ಚಪ್ಪಟೆಯಾಗಿಯೇ ಇತ್ತು. ಕೊಬ್ಬು ಅಥವಾ ಮೇಣ ತುಂಬುವ ಗಾಡಿಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ತೆಗೆದರೆ ಇನ್ನಷ್ಟು ತೂಕ ತಗ್ಗುತ್ತದೆ. ಬುಡವನ್ನು ಮಾತ್ರ ಮುಟ್ಟಬಾರದು. ಅದು ಚಪ್ಪಟೆಯಾಗಿ, ಅಂಚು ಪೂರ್ಣವಾಗಿ ಇರಬೇಕು.

ಲೋಹದ ಮಾತು. ಶುದ್ಧ ಸೀಸದ ಗಡಸುತನ ಬ್ರಿನೆಲ್ ಮಾನದಲ್ಲಿ ಸುಮಾರು 5. ನೂರಕ್ಕೆ ಐದು ಪಾಲು ತವರ, ಐದು ಪಾಲು ಆಂಟಿಮನಿ ಬೆರೆಸಿದರೆ ಸುಮಾರು 15. ತೀರ ಮೆತ್ತನೆಯ ಗುಂಡು ವೇಗ ಹೆಚ್ಚಿದಾಗ ಗೀರಿನ ಹಿಡಿತಕ್ಕೆ ನಿಲ್ಲದೆ ಜಾರುತ್ತದೆ. ತೀರ ಗಡುಸಾದದ್ದು ಒತ್ತಡಕ್ಕೆ ಹಿಗ್ಗಿ ನಳಿಗೆಯನ್ನು ಮುಚ್ಚದೆ ಹೋಗಬಹುದು. ಆಗ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಅಂಚನ್ನು ಕೊರೆಯುತ್ತದೆ. ಗಡುಸು ಬೇಕಾದಲ್ಲಿ ಅಮೆರಿಕದ ಹವ್ಯಾಸಿಗಳು ಲೈನೋಟೈಪ್ ಮುದ್ರಣ ಯಂತ್ರದ ಹಳೆಯ ಲೋಹವನ್ನು ಕರಗಿಸುತ್ತಿದ್ದರು. ಅಚ್ಚುಮೊಳೆಗಳೂ ಸೀಸ, ಆಂಟಿಮನಿ, ತವರಗಳ ಮಿಶ್ರಣವೇ ಅಲ್ಲವೇ! ಅಲ್ಲಿ ಇದು ಮನೆಮಂದಿಯ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಇನ್ನು ಗುಳ್ಳೆ ಬರುವುದೆಲ್ಲಿಂದ? ಕರಗಿದ ಸೀಸ ಗಟ್ಟಿಯಾಗುವಾಗ ನೂರಕ್ಕೆ ಮೂರಕ್ಕಿಂತ ಹೆಚ್ಚು ಪಾಲು ಕುಗ್ಗುತ್ತದೆ. ಅಚ್ಚಿನ ಮೇಲ್ತಟ್ಟೆಯ ತೂತಿನ ಬಳಿ ದ್ರವ ಲೋಹ ಸ್ವಲ್ಪ ಹೊತ್ತು ನಿಂತಿದ್ದರೆ ಕುಗ್ಗಿದ ಜಾಗಕ್ಕೆ ಅದು ಇಳಿದು ತುಂಬುತ್ತದೆ. ಬೇಗ ಹೆಪ್ಪುಗಟ್ಟಿದರೆ ಒಳಗೆ ಟೊಳ್ಳು ಉಳಿಯುತ್ತದೆ. ಆ ತೂತು ಸಾಮಾನ್ಯವಾಗಿ ಬುಡದ ನಡುವೆ ಇರುವುದರಿಂದ ಟೊಳ್ಳು ಹೆಚ್ಚಾಗಿ ಅಕ್ಷದ ಮೇಲೆಯೇ ಬೀಳುತ್ತದೆ. ಅಕ್ಷದ ಮೇಲಿನ ಟೊಳ್ಳು ಗುಂಡನ್ನು ಪಕ್ಕಕ್ಕೆ ಎಳೆಯದು. ಆದರೂ ಜಾಗರೂಕರಾದವರು ಒಂದೊಂದು ಗುಂಡನ್ನೂ ತೂಗಿ ನೋಡುತ್ತಾರೆ. ನಮ್ಮ ಉದಾಹರಣೆಯ ಗುಳ್ಳೆ ಕದಿಯುವುದು 13 ಗ್ರಾಂನಲ್ಲಿ 47 ಮಿಲಿಗ್ರಾಂ ಮಾತ್ರ. ಒಳ್ಳೆಯ ತಕ್ಕಡಿ ಅದನ್ನು ಹಿಡಿಯುತ್ತದೆ. ಗುಳ್ಳೆ ಅಕ್ಷದ ಮೇಲಿದೆಯೋ ಪಕ್ಕದಲ್ಲಿದೆಯೋ ಎಂಬುದನ್ನು ಮಾತ್ರ ತಕ್ಕಡಿ ಹೇಳಲಾರದು. ಅದಕ್ಕಾಗಿ ತೂಕ ಕಡಿಮೆಯಾದ ಗುಂಡನ್ನು ಹೆಚ್ಚು ವಿಚಾರಿಸದೆ ಮತ್ತೆ ಮೂಸೆಗೆ ಹಾಕಿಬಿಡುತ್ತಾರೆ.