ಹಾಸಿಗೆ ಎಷ್ಟು ಮೆತ್ತಗಿರಬೇಕು?

‘ಹಸಿವಿಗೆ ರುಚಿ ಬೇಡ, ನಿದ್ರೆಗೆ ಹಾಸಿಗೆ ಬೇಡ’ ಎಂಬುದು ನಮ್ಮ ಜನರ ಬಾಯಲ್ಲಿ ಬಹುಕಾಲದಿಂದ ಉಳಿದುಬಂದಿರುವ ಗಾದೆ. ದಿನವಿಡೀ ಹೊಲದಲ್ಲಿ ದುಡಿದು ಬಂದ ತರುಣನ ಮಟ್ಟಿಗೆ ಈ ಮಾತು ಸತ್ಯವೇ ಸರಿ. ಅವನಿಗೆ ಜಗಲಿಯ ಮೇಲಿನ ಚಾಪೆಯೇ ಸುಪ್ಪತ್ತಿಗೆಯಾಗುವುದು. ಆದರೆ ಅದೇ ಮನೆಯಲ್ಲಿರುವ, ಎಪ್ಪತ್ತು ದಾಟಿದ ಅಜ್ಜಿಗೆ ಈ ಗಾದೆ ಅನ್ವಯಿಸದು. ಆಕೆಗೆ ನಿದ್ರೆ ಬರುವುದೂ ಬಾರದಿರುವುದೂ, ಬೆಳಗ್ಗೆ ಎದ್ದಾಗ ಸೊಂಟ ಹಗುರವಾಗಿರುವುದೂ ಹಿಡಿದುಕೊಂಡಿರುವುದೂ ಬಹುಮಟ್ಟಿಗೆ ಮೈಯ ಕೆಳಗೆ ಹಾಸಿದ ವಸ್ತುವನ್ನು ಅವಲಂಬಿಸಿರುತ್ತವೆ. ಆಯುಸ್ಸಿನ ಸುಮಾರು ಮೂರನೆಯ ಒಂದು ಭಾಗವನ್ನು ಮನುಷ್ಯನು ಮಲಗಿಯೇ ಕಳೆಯುವನೆಂದಮೇಲೆ, ಈ ವಸ್ತುವಿನ ವಿಚಾರ ಅಲ್ಪವಾದುದಲ್ಲ.

ಕಡೂರು ತಾಲ್ಲೂಕಿನ ಹಿರೇನಲ್ಲೂರು ಒಂದು ಹೋಬಳಿಯ ಕೇಂದ್ರ. ರಾಗಿಯ ಹೊಲಗಳಿಗೂ ತೆಂಗಿನ ತೋಟಗಳಿಗೂ ಸೇರಿದ ಬಯಲುಸೀಮೆಯ ಊರು. ಇಲ್ಲಿನ ಒಂದು ಕುಟುಂಬದವರು ಅಜ್ಜಿಗಾಗಿ ಹೊಸ ಹಾಸಿಗೆಯೊಂದನ್ನು ಕೊಳ್ಳಲು ಕಡೂರಿನ ಅಥವಾ ಬೀರೂರಿನ ಪೇಟೆಗೆ ಹೋದರೆಂದು ಭಾವಿಸೋಣ. ಅಂಗಡಿಯಲ್ಲಿ ನಾರಿನ ಹಾಸಿಗೆ, ಫೋಮ್ ಹಾಸಿಗೆ, ಸ್ಪ್ರಿಂಗ್ ಹಾಸಿಗೆ ಎಂದು ಹತ್ತಾರು ಬಗೆಗಳು ಒಂದರ ಮೇಲೊಂದು ಪೇರಿಸಿರುತ್ತವೆ. ಒಂದರ ಮೇಲೆ ‘ಆರ್ಥೋಪೆಡಿಕ್’ ಎಂದೂ ಇನ್ನೊಂದರ ಮೇಲೆ ‘40 ಡೆನ್ಸಿಟಿ’ ಎಂದೂ ಬರೆದಿರುತ್ತದೆ. ಕೊಳ್ಳಲು ಬಂದ ಮಗನು ಪ್ಲಾಸ್ಟಿಕ್ ಹೊದಿಕೆಯ ಮೇಲಿಂದಲೇ ಅಂಗೈಯಿಂದ ಎರಡು ಸಲ ಒತ್ತಿ ನೋಡುವನು, ‘ಮೆತ್ತಗಿದೆ’ ಎನ್ನುವನು, ಹಲವು ಸಾವಿರ ರೂಪಾಯಿಗಳನ್ನು ಎಣಿಸಿ ಕೊಡುವನು. ಆ ಹಾಸಿಗೆಯ ಮೇಲೆ ಮುಂದಿನ ಹತ್ತು ವರ್ಷ ಮಲಗಬೇಕಾದ ಅಜ್ಜಿ ಊರಿನಲ್ಲಿಯೇ ಇರುವಳು. ಅಂಗೈಯ ಈ ಪರೀಕ್ಷೆಯಿಂದ ನಮಗೆ ತಿಳಿದುಬರುವುದೇನು, ತಿಳಿಯದೆ ಉಳಿಯುವುದೇನು ಎಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಪರಿಶೀಲಿಸೋಣ.

ಹಿಂದಿನ ಹಾಸಿಗೆ, ಇಂದಿನ ಹಾಸಿಗೆ

ಮನುಷ್ಯನು ಹಾಸಿಗೆಯನ್ನು ಹುಡುಕಲು ತೊಡಗಿ ಬಹುಕಾಲವಾಯಿತು. ದಕ್ಷಿಣ ಆಫ್ರಿಕದ ಸಿಬುಡು ಎಂಬ ಕಲ್ಲಾಸರೆಯಲ್ಲಿ ಸುಮಾರು 77,000 ವರ್ಷಗಳಷ್ಟು ಹಳೆಯದಾದ ಹುಲ್ಲುಹಾಸು ದೊರೆತುದನ್ನು ಪ್ರಾಕ್ತನ ಶೋಧಕರು 2011ರಲ್ಲಿ ಪ್ರಕಟಿಸಿದರು. ಜೊಂಡಿನ ಪದರಗಳ ಮೇಲೆ ಕೀಟಗಳನ್ನು ದೂರವಿಡುವ ಎಲೆಗಳನ್ನೂ ಅಂದಿನವರು ಹರಡಿದ್ದರು.

ನಮ್ಮ ನಾಡಿನಲ್ಲಿ ಎರಡು ತಲೆಮಾರುಗಳ ಹಿಂದೆ ಹಾಸಿಗೆಯೆಂದರೆ ಹತ್ತಿಯ ಹಾಸಿಗೆ. ದಿಂಬಿಗೆ ಬೂರುಗದ ಹತ್ತಿ. ಪಿಂಜಾರರು ಬಿಲ್ಲನ್ನು ಹಿಡಿದು ಊರೂರಿಗೆ ಬಂದು, ಮನೆಯ ಅಂಗಳದಲ್ಲಿಯೇ ಹತ್ತಿಯನ್ನು ಹಿಂಜಿ, ಹಾಸಿಗೆಯನ್ನು ಹೊಲಿದುಕೊಡುತ್ತಿದ್ದರು. ಮೆತ್ತಗೆ ಬೇಕೆಂದರೆ ಹತ್ತಿಯನ್ನು ಸಡಿಲವಾಗಿಯೂ, ಗಟ್ಟಿಯಾಗಿ ಬೇಕೆಂದರೆ ಒತ್ತಾಗಿಯೂ ತುಂಬುವುದುಂಟು. ಕೆಲವು ವರ್ಷಗಳಲ್ಲಿ ಹತ್ತಿ ಗಂಟುಕಟ್ಟಿದರೆ ಅದನ್ನೇ ಬಿಚ್ಚಿ, ಮತ್ತೆ ಹಿಂಜಿಸಿ, ಹೊಸದಾಗಿ ಹೊಲಿಸಬಹುದಾಗಿತ್ತು. ಎಂದರೆ ಆಯ್ಕೆಯಲ್ಲಿ ತಪ್ಪಾದರೂ ಅದನ್ನು ತಿದ್ದುವ ಮಾರ್ಗವಿತ್ತು.

ಅನಂತರ ಬಂದುದು ತೆಂಗಿನ ನಾರಿನ ಹಾಸಿಗೆ. ನಾರನ್ನು ಹಗ್ಗದಂತೆ ಹುರಿಗೊಳಿಸಿ ಬಿಚ್ಚಿದರೆ ಅದು ಸುರುಳಿ ಸುರುಳಿಯಾಗಿ ಉಳಿಯುವುದು. ಈ ಸುರುಳಿಗಳ ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿ, ಒತ್ತಿ, ಕಾಯಿಸಿದರೆ ಒಂದೊಂದು ಎಳೆಯೂ ಪುಟ್ಟ ಸ್ಪ್ರಿಂಗಿನಂತೆ ವರ್ತಿಸುವುದು. ಕರ್ನಾಟಕದಲ್ಲಿ 1962ರಲ್ಲಿ ಆರಂಭವಾದ ಕರ್ಲಾನ್ ಸಂಸ್ಥೆಯು ಇಂತಹ ಹಾಸಿಗೆಯಿಂದಲೇ ಪ್ರಸಿದ್ಧಿಗೆ ಬಂದಿತು. ಅನೇಕ ಮನೆಗಳಲ್ಲಿ ಆ ಹೆಸರೇ ಹಾಸಿಗೆಯ ಹೆಸರಾಗಿ ನಿಂತಿತು. ಫೋಮಿನ ಮೂಲವಾದ ಪಾಲಿಯುರೆಥೇನ್ ಎಂಬ ಪದಾರ್ಥವನ್ನು ಜರ್ಮನಿಯ ಆಟ್ಟೊ ಬೇಯರ್ ಮತ್ತು ಅವನ ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಇಂದು ‘ಮೆಮೊರಿ ಫೋಮ್’ ಎಂದು ಮಾರಾಟವಾಗುತ್ತಿರುವುದು 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಗಳನ್ನು ಸುಧಾರಿಸುವ ಉದ್ದೇಶದಿಂದ ರೂಪುಗೊಂಡ ವಸ್ತು. ಇವೆಲ್ಲ ಕಾರ್ಖಾನೆಯಲ್ಲಿಯೇ ಮುಗಿದು ಬರುವ ಹಾಸಿಗೆಗಳು. ಇವನ್ನು ಬಿಚ್ಚಿ ಹಿಂಜಿಸುವಂತಿಲ್ಲ. ಆದುದರಿಂದಲೇ ಇಂದಿನ ಆಯ್ಕೆಗೆ ಹಿಂದಿಗಿಂತ ಹೆಚ್ಚಿನ ವಿವೇಚನೆ ಅಗತ್ಯವಾಗಿದೆ.

ಒತ್ತಡದ ಲೆಕ್ಕ

ಒತ್ತಡವೆಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಎಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. 60 ಕಿಲೋಗ್ರಾಮ್ ತೂಕದ ವ್ಯಕ್ತಿಯೊಬ್ಬನು ಮೆತ್ತನೆಯ ಹಾಸಿಗೆಯ ಮೇಲೆ ಅಂಗಾತ ಮಲಗಿದಾಗ ಅವನ ಮೈಯ ಸುಮಾರು 4,000 ಚದರ ಸೆಂಟಿಮೀಟರು ಹಾಸಿಗೆಗೆ ತಾಗಿದೆಯೆಂದು ಇಟ್ಟುಕೊಳ್ಳೋಣ. ಆಗ ಸರಾಸರಿ ಒತ್ತಡ ಚದರ ಸೆಂಟಿಮೀಟರಿಗೆ 15 ಗ್ರಾಮ್. ಪಾದರಸದ ಅಳತೆಯಲ್ಲಿ ಹೇಳುವುದಾದರೆ ಸುಮಾರು 11 ಮಿಲಿಮೀಟರು. ಅದೇ ವ್ಯಕ್ತಿ ಬರಿಯ ಹಲಗೆಯ ಮೇಲೆ ಮಲಗಿದರೆ ತಲೆಯ ಹಿಂಭಾಗ, ಹೆಗಲ ಮೂಳೆಗಳು, ಪೃಷ್ಠ ಮತ್ತು ಹಿಮ್ಮಡಿಗಳು ಮಾತ್ರ ತಾಗುವುವು. ತಾಗಿದ ವಿಸ್ತೀರ್ಣ 600 ಚದರ ಸೆಂಟಿಮೀಟರಿಗೆ ಇಳಿಯಿತೆಂದರೆ ಒತ್ತಡವು 100 ಗ್ರಾಮಿಗೆ, ಎಂದರೆ ಪಾದರಸದ 73 ಮಿಲಿಮೀಟರಿಗೆ ಏರುವುದು.

ಈ ಸಂಖ್ಯೆಗಳ ಅರ್ಥವೇನು? ಯೂಜೀನ್ ಲ್ಯಾಂಡಿಸ್ ಎಂಬ ಶರೀರಶಾಸ್ತ್ರಜ್ಞನು 1930ರಲ್ಲಿ, ಉಗುರಿನ ಬುಡದ ಲೋಮನಾಳಗಳಲ್ಲಿ ರಕ್ತದ ಒತ್ತಡವನ್ನು ಅಳೆದು, ರಕ್ತವು ಒಳಬರುವ ಕಡೆ ಅದು ಸರಾಸರಿ 32 ಮಿಲಿಮೀಟರು ಎಂದು ತೋರಿಸಿದನು. ಹೊರಗಿನಿಂದ ಇದಕ್ಕಿಂತ ಬಹಳ ಹೆಚ್ಚಿನ ಒತ್ತಡ ದೀರ್ಘಕಾಲ ಬಿದ್ದರೆ ಆ ಭಾಗಕ್ಕೆ ರಕ್ತ ಸಾಕಷ್ಟು ಹರಿಯದು. ಈ ಮಿತಿ ಎಲ್ಲರಲ್ಲಿಯೂ, ದೇಹದ ಎಲ್ಲ ಭಾಗಗಳಲ್ಲಿಯೂ ಒಂದೇ ಅಲ್ಲ. ಆದರೂ ಅದು ಉಪಯುಕ್ತವಾದ ಗುರುತು. ಆರೋಗ್ಯವಂತನು ನಿದ್ರೆಯಲ್ಲಿ ತನಗರಿವಿಲ್ಲದೆಯೇ ಮಗ್ಗುಲು ಬದಲಿಸುವುದರಿಂದ ಅಪಾಯವಿಲ್ಲ. ಹಾಸಿಗೆ ಹಿಡಿದ ವೃದ್ಧರು ಹಾಗೆ ಹೊರಳಲಾರರು. ಅವರ ಸೊಂಟದ ಮೇಲೂ ಹಿಮ್ಮಡಿಯ ಮೇಲೂ ಹುಣ್ಣಾಗುವುದು ಇದೇ ಕಾರಣದಿಂದ. ಸುಮಾರು ಎರಡು ಗಂಟೆಗೊಮ್ಮೆ ಅವರನ್ನು ಹೊರಳಿಸಬೇಕೆಂದು ದಾದಿಯರು ಹೇಳುವ ಮಾತಿಗೆ ಆಧಾರವೂ ಇದೇ.

ಹಾಗಾದರೆ ಹಾಸಿಗೆ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದೆ? ಹಾಗಲ್ಲ. ನಮ್ಮ ದೇಹದ ಭಾರ ಸಮನಾಗಿ ಹಂಚಿಕೆಯಾಗಿಲ್ಲ. ಒಟ್ಟು ತೂಕದಲ್ಲಿ ಮುಂಡವೊಂದೇ ಸುಮಾರು ಅರ್ಧ ಭಾಗ. ತಲೆ ಮತ್ತು ಕುತ್ತಿಗೆ ಸೇರಿ ನೂರಕ್ಕೆ 8. ಒಂದೊಂದು ಕಾಲು ನೂರಕ್ಕೆ 16. ಹಾಸಿಗೆ ಅತಿ ಮೆತ್ತಗಿದ್ದರೆ ಭಾರವಾದ ಸೊಂಟ ಆಳಕ್ಕೆ ಇಳಿದು, ಹಗುರವಾದ ಕಾಲುಗಳು ಮೇಲೆಯೇ ಉಳಿದು, ಬೆನ್ನುಮೂಳೆ ಸಡಿಲವಾದ ಹಗ್ಗದ ಮಂಚದಲ್ಲಿ ಮಲಗಿದವನ ಬೆನ್ನಿನಂತೆ ಬಾಗುವುದು. ಚರ್ಮವು ಮೆತ್ತನೆಯ ಹಾಸಿಗೆಯನ್ನು ಬೇಡುವುದು. ಬೆನ್ನುಮೂಳೆಯು ಗಟ್ಟಿಯಾದುದನ್ನು ಬೇಡುವುದು. ಹಾಸಿಗೆಯ ಆಯ್ಕೆ ಕಷ್ಟವಾಗಿರುವುದಕ್ಕೆ ಮೂಲಕಾರಣ ಈ ವಿರೋಧವೇ.

ಬೆನ್ನುನೋವಿನವರು ಗಟ್ಟಿ ಹಲಗೆಯ ಮೇಲೆ ಮಲಗಬೇಕೆಂಬ ಸಲಹೆ ಬಹಳ ಕಾಲದಿಂದ ರೂಢಿಯಲ್ಲಿದೆ. ಸ್ಪೇನಿನ ವೈದ್ಯರು ಇದನ್ನು ಪರೀಕ್ಷೆಗೆ ಗುರಿಪಡಿಸಿ, ಫಲಿತಾಂಶವನ್ನು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಿರ್ದಿಷ್ಟ ಕಾರಣ ತಿಳಿಯದ, ಬಹುದಿನದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆಯನ್ನೂ ಕೊಟ್ಟು 90 ದಿನ ಕಾದು ನೋಡಲಾಯಿತು. ಮಧ್ಯಮ ಹಾಸಿಗೆಯವರ ನೋವೇ ಹೆಚ್ಚು ಕಡಿಮೆಯಾಗಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅವರು ತೆಗೆದುಕೊಂಡ ಕಾಲ. ಎರಡು ನಿಮಿಷಗಳಲ್ಲ, 90 ದಿನಗಳು.

ಅಂಗೈಗೆ ತಿಳಿಯದ ಮೂರು ಸಂಗತಿಗಳು

ಮೊದಲನೆಯದು ಆಳದ ಗುಣ. ಸ್ಪ್ರಿಂಗಿನ ಹಿಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುವುದೆಂದು ರಾಬರ್ಟ್ ಹುಕ್ 1678ರಲ್ಲಿ ಸಾರಿದನು. ಫೋಮ್ ಈ ನಿಯಮವನ್ನು ಸ್ವಲ್ಪ ದೂರ ಮಾತ್ರ ಪಾಲಿಸುವುದು. ಅನಂತರ ಅದರ ಪುಟ್ಟ ಕೋಶಗಳ ಗೋಡೆಗಳು ಬಾಗಿ, ಸ್ವಲ್ಪ ಭಾರ ಹೆಚ್ಚಿದರೂ ಬಹಳ ಇಳಿಯುವುದು. ಕೊನೆಗೆ ಗೋಡೆಗೆ ಗೋಡೆ ತಾಗಿ ಗಟ್ಟಿಯಾಗುವುದು. ಆದುದರಿಂದಲೇ ಕಾರ್ಖಾನೆಗಳ ಒಂದು ಪರೀಕ್ಷೆಯಲ್ಲಿ ವರ್ತುಲಾಕಾರದ ತಟ್ಟೆಯಿಂದ ಒತ್ತಿ, ದಪ್ಪದ ನೂರಕ್ಕೆ 25 ಭಾಗ ಇಳಿಸಲು ಬೇಕಾದ ಬಲವನ್ನೂ 65 ಭಾಗ ಇಳಿಸಲು ಬೇಕಾದ ಬಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಎರಡನೆಯದು ಮೊದಲನೆಯದರ ಎಷ್ಟು ಪಟ್ಟು ಎಂಬುದು ಹಾಸಿಗೆಯು ಕೊಡುವ ಆಧಾರದ ಅಳತೆ. ಅಂಗೈ ಮುಟ್ಟುವುದು ಮೇಲ್ಪದರದ ಮೆತ್ತಗನ್ನು ಮಾತ್ರ. 45 ಕಿಲೋಗ್ರಾಮಿನ ಅಜ್ಜಿಗೂ 80 ಕಿಲೋಗ್ರಾಮಿನ ಮಗನಿಗೂ ಒಂದೇ ಹಾಸಿಗೆ ಎರಡು ಬೇರೆ ಹಾಸಿಗೆಗಳಂತೆ ಇರುವುದು. ಮಗನಿಗೆ ಹಿತವಾದುದು ಅಜ್ಜಿಗೆ ಹಲಗೆಯೆನಿಸಬಹುದು.

ಎರಡನೆಯದು ಕಾಲ ಮತ್ತು ಉಷ್ಣತೆ. ಮೆಮೊರಿ ಫೋಮ್ ಜೇನುತುಪ್ಪದಂತೆ ನಿಧಾನವಾಗಿ ಹರಿಯುವ ಗುಣವನ್ನೂ ರಬ್ಬರಿನಂತೆ ಪುಟಿಯುವ ಗುಣವನ್ನೂ ಒಟ್ಟಿಗೆ ಪಡೆದಿದೆ. ಬಿಸಿಯಾದಷ್ಟೂ ಅದು ಮೆತ್ತಗಾಗುವುದು. ತಂಪುಯಂತ್ರವಿರುವ ಅಂಗಡಿಯಲ್ಲಿ ಗಟ್ಟಿಯಾಗಿ ತೋರಿದ ಹಾಸಿಗೆಯು ಹಿರೇನಲ್ಲೂರಿನ ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಬೇರೆಯೇ ರೀತಿ ವರ್ತಿಸುವುದು.

ಮೂರನೆಯದು ಸೆಕೆ. ನಿದ್ರಿಸುವವನ ದೇಹವು ಸುಮಾರು 70 ವಾಟ್ ಉಷ್ಣವನ್ನು ಹೊರಗೆಡಹುತ್ತಲೇ ಇರುತ್ತದೆ. ಹತ್ತು ಸೆಂಟಿಮೀಟರು ದಪ್ಪದ ಫೋಮ್ ಹಾಸಿಗೆಯ ಮೇಲ್ಭಾಗ ಕೆಳಭಾಗಕ್ಕಿಂತ 8 ಡಿಗ್ರಿ ಬೆಚ್ಚಗಿದ್ದರೆ, ಅದರ ಮೂಲಕ ಕೆಳಗೆ ಹರಿದುಹೋಗುವ ಉಷ್ಣ ಒಂದೂಕಾಲು ವಾಟಿನಷ್ಟು ಮಾತ್ರ. ಸಿಮೆಂಟು ನೆಲವಾದರೋ ಫೋಮಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುವುದು. ಬೇಸಗೆಯಲ್ಲಿ ಹಿರಿಯರು ಹಾಸಿಗೆಯನ್ನು ಸುತ್ತಿಟ್ಟು ನೆಲದ ಮೇಲೆ ಚಾಪೆ ಹಾಸುವುದು ಇದಕ್ಕಾಗಿಯೇ. ಬಹುಪಾಲು ಹಾಸಿಗೆಗಳು ಉಷ್ಣದ ಮಂದವಾಹಕಗಳೇ ಆದುದರಿಂದ, ಅವುಗಳಲ್ಲಿ ವ್ಯತ್ಯಾಸ ಕಾಣುವುದು ಗಾಳಿಯ ಸಂಚಾರದಲ್ಲಿ. ನಾರಿನ ಎಳೆಗಳ ನಡುವೆ ಗಾಳಿ ಆಡಿ ಬೆವರಿನ ತೇವ ಆರುವುದು. ಒತ್ತಾದ ಫೋಮಿನಲ್ಲಿ ಅದು ಬೆನ್ನಿಗೇ ಅಂಟಿ ನಿಲ್ಲುವುದು.

ಕೊಳ್ಳುವವರು ಮಾಡಬಹುದಾದ ಪರೀಕ್ಷೆಗಳು

‘ಡೆನ್ಸಿಟಿ’ ಎಂಬ ಮಾತನ್ನು ಮೊದಲು ನೋಡೋಣ. ಇದು ಸಾಂದ್ರತೆ, ಎಂದರೆ ಒಂದು ಘನ ಮೀಟರಿನ ತೂಕ ಎಷ್ಟು ಕಿಲೋಗ್ರಾಮ್ ಎಂಬುದು. ಆರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಹಾಸಿಗೆಯ ಗಾತ್ರ ಆರು ಘನ ಅಡಿ, ಎಂದರೆ ಸುಮಾರು 0.17 ಘನ ಮೀಟರು. ಸಾಂದ್ರತೆ 40 ಎಂಬುದು ನಿಜವಾದರೆ ಫೋಮಿನ ತೂಕ 6.8 ಕಿಲೋಗ್ರಾಮ್ ಇರಬೇಕು. 32 ಆದರೆ 5.4. ಹೊದಿಕೆಯೂ ಸೇರಿ ಐದೇ ಕಿಲೋಗ್ರಾಮ್ ತೂಗುವ ಹಾಸಿಗೆಗೆ 40 ಎಂಬ ಚೀಟಿ ಸಲ್ಲದು. ಅಂಗಡಿಯಲ್ಲಿ ಒಂದು ತಕ್ಕಡಿಯಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಪರಿಶೀಲಿಸಬಲ್ಲನು. ಆದರೆ ಒಂದು ಎಚ್ಚರಿಕೆ: ಸಾಂದ್ರತೆ ಹೆಚ್ಚಿದ್ದರೆ ಹಾಸಿಗೆ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುವುದೇ ಹೊರತು, ಗಟ್ಟಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ‘ಆರ್ಥೋಪೆಡಿಕ್’ ಎಂಬ ಮಾತಾದರೋ ತೂಗಿ ಅಳೆದು ನೋಡಬಹುದಾದ ಗುಣವಲ್ಲ. ಅದನ್ನು ನಂಬಿ ಹಣ ಕೊಡಬೇಕಾಗಿಲ್ಲ.

ಎರಡನೆಯ ಪರೀಕ್ಷೆ ಮನೆಯಲ್ಲಿರುವ ಹಾಸಿಗೆಯ ಮೇಲೆ ಮಾಡತಕ್ಕದ್ದು. ಇಪ್ಪತ್ತು ಸೆಂಟಿಮೀಟರು ಅಡ್ಡಳತೆಯ ಊಟದ ತಟ್ಟೆಯೊಂದನ್ನು ಹಾಸಿಗೆಯ ನಡುವೆ ಇಟ್ಟು, ಅದರ ಮೇಲೆ ಹತ್ತು ಕಿಲೋಗ್ರಾಮ್ ರಾಗಿಯ ಚೀಲವನ್ನಿಟ್ಟು, ಎಷ್ಟು ಇಳಿಯಿತೆಂದು ಅಳೆಯಿರಿ. ಇಪ್ಪತ್ತು, ಮೂವತ್ತು ಕಿಲೋಗ್ರಾಮಿಗೂ ಹಾಗೆಯೇ ಅಳೆದು ನಕ್ಷೆ ಬರೆಯಿರಿ. ಇಳಿತದ ಹೆಚ್ಚಳ ಬರುಬರುತ್ತ ಕಡಿಮೆಯಾದರೆ ಹಾಸಿಗೆಯು ಆಧಾರ ಕೊಡುತ್ತಿದೆಯೆಂದು ಅರ್ಥ. ಚೀಲಗಳನ್ನು ತೆಗೆದು ಒಂದು ಗಂಟೆ ಕಳೆದಮೇಲೂ ಗುಳಿ ಉಳಿದಿದ್ದರೆ ಆ ಹಾಸಿಗೆಯ ಆಯುಸ್ಸು ಮುಗಿಯುತ್ತ ಬಂದಿದೆ.

ಮೂರನೆಯದೂ ಮುಖ್ಯವಾದುದೂ ಇದು: ಹಾಸಿಗೆಯ ಮೇಲೆ ಯಾರು ಮಲಗುವರೋ ಅವರೇ ಅಂಗಡಿಗೆ ಹೋಗಬೇಕು, ಕಾಲುಗಂಟೆಯಾದರೂ ತಾವು ದಿನವೂ ಮಲಗುವ ಭಂಗಿಯಲ್ಲಿಯೇ ಮಲಗಿ ನೋಡಬೇಕು. ಮಗ್ಗುಲಾಗಿ ಮಲಗಿದವರ ಬೆನ್ನಿನ ಉದ್ದಕ್ಕೂ ಒಂದು ದಾರವನ್ನು ಹಿಡಿದು ನೋಡಿದರೆ ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಮೂಳೆ ಹೆಚ್ಚುಕಡಿಮೆ ನೇರವಾಗಿರಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಕೈ ಸಲೀಸಾಗಿ ತೂರಿದರೆ ಹಾಸಿಗೆ ಗಟ್ಟಿ. ಹೊರಳಲು ತಿಣುಕಬೇಕಾದರೆ ಅತಿ ಮೆತ್ತಗೆ. ಈಗ ಕೆಲವು ಮಾರಾಟಗಾರರು ನೂರು ದಿನಗಳೊಳಗೆ ಹಿಂದಿರುಗಿಸುವ ಅವಕಾಶವನ್ನು ಕೊಡುತ್ತಾರೆ. ಅಂತಹ ಮಾತನ್ನು ಬರಹದಲ್ಲಿಯೇ ಪಡೆಯುವುದು ಒಳ್ಳೆಯದು. ರೋಗಿಗಳ ವಿಷಯದಲ್ಲಿ ವೈದ್ಯರ ಸಲಹೆಯೇ ಮೊದಲು.

ಹಿತವೆಂಬುದು ಹಾಸಿಗೆಯೊಂದರಲ್ಲಿಯೇ ಅಡಗಿರುವ ಗುಣವಲ್ಲ. ಮಲಗುವವರ ತೂಕ, ಮೈಕಟ್ಟು, ಭಂಗಿ, ಕೋಣೆಯ ಸೆಕೆ, ಕಳೆಯುವ ರಾತ್ರಿಗಳು ಇವೆಲ್ಲಕ್ಕೂ ಹಾಸಿಗೆಗೂ ಇರುವ ಸಂಬಂಧವೇ ಹಿತ. ಆದುದರಿಂದ ಎಲ್ಲರಿಗೂ ಒಪ್ಪುವ ಉತ್ತಮ ಹಾಸಿಗೆಯೆಂಬುದು ಯಾವ ಅಂಗಡಿಯಲ್ಲಿಯೂ ದೊರೆಯದು. ಒಬ್ಬೊಬ್ಬರಿಗೆ ಒಪ್ಪುವುದನ್ನು ಹುಡುಕಿಕೊಳ್ಳಬೇಕು. ಅಜ್ಜಿಗೆ ಹಾಸಿಗೆ ಬೇಕಾದರೆ ಅಜ್ಜಿಯನ್ನೂ ಪೇಟೆಗೆ ಕರೆದುಕೊಂಡು ಹೋಗಿರಿ. ಅಳತೆಪಟ್ಟಿಯನ್ನು ಮರೆಯದೆ ಒಯ್ಯಿರಿ.