ಕೆಪಿಎನ್ ಒನ್ : ಒಂದು ಕಿಣ್ವದ ಓದು

ಬ್ಯಾಕ್ಟೀರಿಯಗಳ ಒಡಲಲ್ಲಿ, ಹೊರಗಿನಿಂದ ನುಗ್ಗಿದ ವೈರಸ್ಸಿನ ಡಿ.ಎನ್.ಎ.ಯನ್ನು ಗುರುತಿಸಿ ತುಂಡರಿಸುವ ಕಿಣ್ವಗಳುಂಟು. ಇವು ನಿರ್ಬಂಧಕ ಕಿಣ್ವಗಳು. ಇವುಗಳ ಶೋಧಕ್ಕಾಗಿ ವರ್ನರ್ ಆರ್ಬರ್, ಡೇನಿಯಲ್ ನೇಥನ್ಸ್, ಹ್ಯಾಮಿಲ್ಟನ್ ಸ್ಮಿತ್ ಅವರಿಗೆ 1978ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪ್ರಯೋಗಾಲಯದಲ್ಲಿ ವಂಶವಾಹಿಗಳನ್ನು ಬಿಡಿಸಿ ಜೋಡಿಸುವವರಿಗೆ ಇವೇ ಕತ್ತರಿ. ಕ್ಲೆಬ್ಸಿಯೆಲ್ಲ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯದಿಂದ ದೊರೆತು, ಅದರ ಹೆಸರಿನ ಸಂಕ್ಷೇಪವನ್ನೇ ಹೊತ್ತಿರುವ ಕೆಪಿಎನ್ ಒನ್ ಅಂಥದೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ಸಂಗಡಿಗರು ಇದನ್ನು ಕುರಿತು ನಡೆಸಿದ ಅಧ್ಯಯನವು ಗ್ರಂಥಸಂಪಾದನೆಯ ವಿದ್ಯಾರ್ಥಿಗೂ ಕುತೂಹಲಕರವಾದುದು.

ಈ ಕಿಣ್ವವು ಅರಸುವುದು ಜಿ-ಜಿ-ಟಿ-ಎ-ಸಿ-ಸಿ ಎಂಬ ಆರು ಅಕ್ಷರಗಳ ಸಾಲನ್ನು. ಇದನ್ನು ಚಿತ್ರಕಾವ್ಯದ ಗತಪ್ರತ್ಯಾಗತಕ್ಕೆ ಹೋಲಿಸಬಹುದಾದರೂ ಹೋಲಿಕೆ ಪೂರ್ಣವಲ್ಲ. 'ವಿಕಟಕವಿ' ಎಂಬುದು ತನ್ನಷ್ಟಕ್ಕೆ ತಾನೇ ತಿರುಗಿ ಓದಿಸಿಕೊಳ್ಳುತ್ತದೆ. ಡಿ.ಎನ್.ಎ.ಯಲ್ಲಾದರೋ ಎದುರುಬದುರಾದ ಎರಡು ಎಳೆಗಳಿವೆ; ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಎಳೆಗಳ ದಿಕ್ಕು ಪರಸ್ಪರ ವಿರುದ್ಧ. ಒಂದನ್ನು ಎಡದಿಂದಲೂ ಮತ್ತೊಂದನ್ನು ಬಲದಿಂದಲೂ ಓದಿದಾಗ ಪಾಠ ಒಂದೇ ಆಗುತ್ತದೆ. ಕಿಣ್ವವು ಎರಡೂ ಎಳೆಗಳಲ್ಲಿ ಕೊನೆಯ ಎರಡು ಸಿ-ಗಳ ನಡುವೆ ಕತ್ತರಿಸುತ್ತದೆ.

ಸಂಶೋಧನೆಗೆ ಬೇಕಾದ ಪ್ರಮಾಣದಲ್ಲಿ ಕಿಣ್ವವನ್ನು ಪಡೆಯಲು ಅದರ ವಂಶವಾಹಿಯನ್ನು ಇ. ಕೊಲೈ ಬ್ಯಾಕ್ಟೀರಿಯಕ್ಕೆ ಸೇರಿಸಿ ಬೆಳೆಸುತ್ತಾರೆ. ಹೀಗೆ ಪಡೆದುದು ಪುನಸ್ಸಂಯೋಜಿತ ಕಿಣ್ವ. ಕತ್ತರಿಯನ್ನು ಮನೆಯೊಳಗೆ ಬಿಟ್ಟುಕೊಂಡರೆ ಅದು ಆತಿಥೇಯನ ಡಿ.ಎನ್.ಎ.ಯನ್ನೇ ಕತ್ತರಿಸದೆ? ಅದಕ್ಕೆಂದೇ ಒಂದು ಜೊತೆಗಾರ ಕಿಣ್ವವಿದೆ. ಅದು ಆ ಸಾಲಿನ ಎ ಅಕ್ಷರಕ್ಕೆ ಮೀಥೈಲ್ ಗುಂಪನ್ನು ಅಂಟಿಸಿ 'ಇದು ನಮ್ಮದು' ಎಂದು ಗುರುತು ಮಾಡುತ್ತದೆ. ಗುರುತಿರುವೆಡೆ ಕತ್ತರಿ ಆಡದು.

ಕೆಪಿಎನ್ ಒನ್‌ನ ವೈಚಿತ್ರ್ಯವಿರುವುದು ಅದರ ಓದಿನ ಸಡಿಲತೆಯಲ್ಲಿ. ಮೆಗ್ನೀಸಿಯಂ ಜೊತೆಗಿದ್ದಾಗ ಅದು ಒಂದಕ್ಷರ ಬೇರೆಯಾದ ಸಾಲುಗಳನ್ನೂ ಕತ್ತರಿಸಿಬಿಡುತ್ತದೆ. ಪಾಠಾಂತರವನ್ನೂ ಮೂಲವೆಂದೇ ಭಾವಿಸುವ ಲಿಪಿಕಾರನಂತೆ. ಪ್ರಯೋಗನಿರತನಿಗೆ ಇದು ದೋಷ. ಬೇಡದ ಕಡೆ ತುಂಡಾದ ಡಿ.ಎನ್.ಎ.ಯಿಂದ ಅವನಿಗೆ ಪ್ರಯೋಜನವಿಲ್ಲ. ಮೆಗ್ನೀಸಿಯಂ ಬದಲು ಕ್ಯಾಲ್ಸಿಯಂ ಒದಗಿಸಿದರೆ ಈ ಕಿಣ್ವ ತಪ್ಪಿಲ್ಲದೆ ಓದುತ್ತದೆಂದು ನಾಗರಾಜರ ತಂಡ 2004ರಲ್ಲಿ ಪ್ರಕಟಿಸಿತು. ಇದೇ ವರ್ಗದ ಇತರ ಕಿಣ್ವಗಳ ಕೆಲಸವನ್ನು ಕ್ಯಾಲ್ಸಿಯಂ ಸಾಮಾನ್ಯವಾಗಿ ತಡೆಯುವುದರಿಂದ ಇದು ಅನಿರೀಕ್ಷಿತ. 2008ರಲ್ಲಿ ಅದೇ ತಂಡ, ಕಿಣ್ವದ 163ನೆಯ ಸ್ಥಾನದ ಒಂದೇ ಅಮೈನೋ ಆಮ್ಲವನ್ನು ಬದಲಿಸಿ, ನಿಖರವಾಗಿ ಓದುವ ರೂಪಾಂತರವನ್ನು ಪಡೆಯಿತು.

ಇಷ್ಟು ಸುಲಭವಾಗಿ ತಿದ್ದಬಹುದಾದ ದೋಷವನ್ನು ಪ್ರಕೃತಿ ಏಕೆ ಉಳಿಸಿಕೊಂಡಿತು? 2012ರ ಪ್ರಬಂಧ ಇದಕ್ಕೆ ಉತ್ತರವಿತ್ತಿತು. ನಿಖರ ಕಿಣ್ವವಿರುವ ಬ್ಯಾಕ್ಟೀರಿಯಗಳನ್ನೂ ಸಡಿಲ ಕಿಣ್ವವಿರುವವನ್ನೂ ವೈರಸ್ಸುಗಳಿಗೆ ಒಡ್ಡಿ ನೋಡಿದಾಗ, ಹೆಚ್ಚು ಚೆನ್ನಾಗಿ ಬಾಳಿದ್ದು ಸಡಿಲ ಕಿಣ್ವದವು. ವೈರಸ್ಸು ಅಕ್ಷರವೊಂದನ್ನು ಬದಲಿಸಿ ವೇಷ ಮರೆಸಿಕೊಂಡು ಬಂದರೂ, ನಿಖರ ಓದುಗ ಬಿಟ್ಟುಬಿಡುವ ಆ ಸಾಲನ್ನು ಸಡಿಲ ಓದುಗ ಹಿಡಿಯಬಲ್ಲುದು.