ಕೋಳಿಯ ಮೇವಿಗೆ ಮೀನೇ ಬೇಕೆ?

ಚಾಂದ್‌ಖೇಡಾದ ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಊರಿಗೆ ಮರಳುವ ಯೋಚನೆಯವೇ ಅನೇಕ. ಹೋಟೆಲಿನಲ್ಲಿ ದುಡಿದು ಕೂಡಿಸಿದ ಹಣದಿಂದ ಬ್ರಾಯ್ಲರ್ ಕೋಳಿ ಸಾಕಬೇಕೆಂಬ ಹಂಬಲ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇಡ್ಲಿ ಸಾಂಬಾರಿನಲ್ಲಿ ಅರ್ಧ ಆಯುಷ್ಯ ಕಳೆದ ನಮಗೆ ಕೋಳಿಯ ಉಸಾಬರಿ ಏಕೆಂದು ವಾಚಕರು ನಗಬಹುದು. ಆದರೆ ನಮ್ಮಲ್ಲಿ ಹಿಂದೆ ಸಪ್ಲಾಯರ್ ಆಗಿದ್ದ ಬಂಧುವೊಬ್ಬರು ಕುಂದಾಪುರದ ಕಡೆ, ಅಗ್ಗದ ಒಣಮೀನಿನ ಪುಡಿಯನ್ನು ನಂಬಿ ಐನೂರು ಮರಿಗಳಲ್ಲಿ ಅರ್ಧಕ್ಕೂ ಮಿಕ್ಕಿ ಕಳೆದುಕೊಂಡ ಸಂಗತಿ ನಗುವಂಥದಲ್ಲ. ಮರಿಗಳು ಬಿಡದೆ ನೀರು ಕುಡಿಯುತ್ತಿದ್ದವು, ನೆಲದ ಹಾಸು ಸದಾ ಒದ್ದೆಯಾಗಿರುತ್ತಿತ್ತು, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಒಂದೊಂದಾಗಿ ಸತ್ತವು. ಪುಡಿಯಲ್ಲಿ ಉಪ್ಪೂ ಮರಳೂ ಮಿತಿಮೀರಿದ್ದುವೆಂದು ಪಶುವೈದ್ಯರು ಬಳಿಕ ತಿಳಿಸಿದರಂತೆ.

ಒಳ್ಳೆಯ ಮೀನುಪುಡಿಯಲ್ಲಿ ಶೇಕಡಾ 60ರಷ್ಟು ಪ್ರೋಟೀನು ಉಂಟು. ಧಾನ್ಯಗಳಲ್ಲಿ ಕೊರತೆಯಾಗುವ ಲೈಸಿನ್, ಮಿಥಿಯೋನಿನ್‌ಗಳೂ ಅದರಲ್ಲಿ ಧಾರಾಳವಾಗಿವೆ. ಮಲ್ಪೆ, ಉಳ್ಳಾಲಗಳಲ್ಲಿಯೂ ಇತ್ತ ಗುಜರಾತಿನ ವೇರಾವಳದಲ್ಲಿಯೂ ಅದರ ಕಾರಖಾನೆಗಳಿವೆ. ಆದರೆ ತೇವ ತಾಗಿದ ಪುಡಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಬೆಳೆಯಬಹುದು. ಅತಿಯಾಗಿ ಕಾಯಿಸಿದರೆ ಗಿಜ್ಜರೋಸಿನ್ ಎಂಬ ವಿಷ ಹುಟ್ಟಿ, ಕಾಳು ಅರೆಯುವ ಜಠರದ ಒಳಪದರವನ್ನು ತಿಂದುಹಾಕುತ್ತದೆ. ಜಪಾನಿನ ವಿಜ್ಞಾನಿಗಳು 1983ರಲ್ಲಿ ಇದನ್ನು ಗುರುತಿಸಿದರು. ಇನ್ನು ಬೂತಾಯಿಯ ಮರಿಗಳನ್ನೂ ಹಿಡಿದು ಪುಡಿಗೆ ಹಾಕಿದರೆ ನಾಳೆ ನಮ್ಮವರ ಸಾರಿಗೆ ಮೀನು ಉಳಿದೀತೆ?

ಮೀನಿಲ್ಲದೆ ಕೋಳಿ ಬೆಳೆಯದೆಂಬ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಬರಿಯ ಸಸ್ಯಾಹಾರದಲ್ಲಿ ಮರಿಗಳು ಕುಗ್ಗುತ್ತಿದ್ದವು. ಪ್ರಾಣಿಜನ್ಯ ಆಹಾರದಲ್ಲಿ ಯಾವುದೋ ಅಜ್ಞಾತ ಅಂಶವಿದೆಯೆಂದು ಪಂಡಿತರು ಊಹಿಸಿದ್ದರು. 1948ರಲ್ಲಿ ಬಿ-12 ಜೀವಸತ್ವವನ್ನು ಬೇರ್ಪಡಿಸಿದ ಮೇಲೆ ಆ ಗುಟ್ಟು ಬಯಲಾಯಿತು. ಈಗ ಜೋಳ, ಸೋಯಾ ಹಿಂಡಿಗಳಿಗೆ ಈ ಜೀವಸತ್ವವನ್ನೂ ತಯಾರಿಸಿದ ಮಿಥಿಯೋನಿನ್, ಲೈಸಿನ್‌ಗಳನ್ನೂ ಬೆರೆಸಿ ಮೀನಿಲ್ಲದೆಯೇ ಬ್ರಾಯ್ಲರ್ ಬೆಳೆಸುತ್ತಾರೆ. ಆದುದರಿಂದ ಮೀನು ಬೇಕೆ ಬೇಡವೆ ಎಂಬುದು ಇಂದು ದರದ ಲೆಕ್ಕವೆಂದೇ ನಮ್ಮ ಅಭಿಪ್ರಾಯ.

ನಮ್ಮ ನಾಡಿನಲ್ಲೇ ಇನ್ನೊಂದು ವಸ್ತುವಿದೆ. ರಾಮನಗರ, ಶಿಡ್ಲಘಟ್ಟಗಳ ಸುತ್ತ ರೇಷ್ಮೆಗೂಡಿನ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು, ಅಂದರೆ ಪ್ಯೂಪಾ. ಒಣಗಿಸಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನು, ಕಾಲುಭಾಗಕ್ಕೆ ಸಮೀಪ ಕೊಬ್ಬು. ಎಣ್ಣೆ ತೆಗೆದರೆ ಪ್ರೋಟೀನಿನ ಪ್ರಮಾಣ ಇನ್ನೂ ಏರುತ್ತದೆ. ಮೀನುಪುಡಿಗೆ ಬದಲಾಗಿ ಇದನ್ನು ಮಿತವಾಗಿ ಕೊಡಬಹುದು. ಕಷ್ಟವೆಂದರೆ ಹಸಿ ಪ್ಯೂಪಾ ಬಲುಬೇಗ ಕೊಳೆತು ನಾರುತ್ತದೆ. ಒಣಗಿಸಿಟ್ಟದ್ದರ ಎಣ್ಣೆ ಹಳಸಿದರೆ ಮೇವಿನ ಇ ಜೀವಸತ್ವ ಕೆಡುತ್ತದೆ, ಮಾಂಸಕ್ಕೂ ವಾಸನೆ ಹತ್ತಬಹುದು. ಹುಳುವಿನ ಚರ್ಮದ ಕೈಟಿನ್ ಪ್ರಯೋಗಶಾಲೆಯ ಲೆಕ್ಕದಲ್ಲಿ ಪ್ರೋಟೀನಿನ ಜತೆ ಸೇರಿಬಿಡುವುದರಿಂದ ಚೀಟಿಯ ಅಂಕಿಯನ್ನು ಪೂರ್ತಿ ನಂಬಲಾಗದು.

ದನಗಳ ಮೆದುಳಿನ ರೋಗದ ಭಯದಿಂದ 2001ರಲ್ಲಿ ಮಾಂಸ-ಎಲುಬಿನ ಪುಡಿಯನ್ನು ಸಾಕುಪ್ರಾಣಿಗಳ ಮೇವಿನಿಂದ ಹೊರಗಿಟ್ಟ ಯುರೋಪಿಯನ್ ಒಕ್ಕೂಟವೇ 2021ರಲ್ಲಿ ಕೋಳಿ, ಹಂದಿಗಳಿಗೆ ಹುಳುಗಳ ಪ್ರೋಟೀನು ಕೊಡಲು ಒಪ್ಪಿತು.

ಊರಿಗೆ ಹೊರಟವರಲ್ಲಿ ನಮ್ಮ ಅರಿಕೆ ಇಷ್ಟೆ: ಮೂಟೆ ಕೊಳ್ಳುವ ಮೊದಲು ಮಾದರಿಯನ್ನು ಪ್ರಯೋಗಶಾಲೆಗೆ ಕೊಟ್ಟು ಪ್ರೋಟೀನು, ಉಪ್ಪು, ಮರಳುಗಳ ಪ್ರಮಾಣ ತಿಳಿದುಕೊಳ್ಳಿರಿ. ನಮ್ಮ ಆ ಬಂಧು ಈ ಸಲ ನೂರೇ ಮರಿಗಳಿಂದ, ಸೋಯಾ ಮೇವಿನಿಂದ ಪುನಃ ಆರಂಭಿಸಿದ್ದಾರೆ. ಮೂಟೆ ಬಂದ ದಿನ ಒಂದು ಹಿಡಿ ಮೇವನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ, ತಳದಲ್ಲಿ ಮರಳು ನಿಂತಿತೋ ಎಂದು ನೋಡುವುದನ್ನು ಮಾತ್ರ ಬಿಟ್ಟಿಲ್ಲವಂತೆ.